ಬಾಳೆದಿಂಡು ಪಾಸು ಮಾಡಿದ ಕಾರು

2025ರ ಜುಲೈ ತಿಂಗಳು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಮೇಗರವಳ್ಳಿ ಸಿಗುತ್ತದಲ್ಲ, ಅಲ್ಲಿಂದ ಒಳಗೆ ಹೋದರೆ ನನ್ನ ಅಕ್ಕನ ಮನೆ. ಟಾರು ರಸ್ತೆ ಬಿಟ್ಟು ಅಂಗಳ ಮುಟ್ಟಲು ಎಂಟುನೂರು ಮೀಟರ್ ಮಣ್ಣು ದಾರಿ. ಅದರಲ್ಲಿ ಅರವತ್ತು ಮೀಟರ್ ಮಾತ್ರ ಕಡಿದಾದ ಏರು. ಒಂದು ಕಡೆ ಧರೆ, ಅಂದರೆ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆ, ಇನ್ನೊಂದು ಕಡೆ ತೋಟದ ಇಳಿಜಾರು. ಅವತ್ತು ಅಕ್ಕ ತನ್ನ ಅತ್ತೆಯನ್ನು ಮಣಿಪಾಲಕ್ಕೆ ಮಂಡಿ ತೋರಿಸಲು ಕರೆದುಕೊಂಡು ಹೊರಟಿದ್ದಳು. ಮನೆಯಲ್ಲಿದ್ದದ್ದು 2012ರ ಒಂದು ಸಣ್ಣ ಕಾರು. ಏರಿನ ನಡುವೆ ಮುಂದಿನ ಚಕ್ರ ಸುಮ್ನೆ ತಿರುಗತೊಡಗಿತು. ಕೆಂಪು ಕೆಸರು ಗಾಜಿನವರೆಗೆ ಹಾರಿತು. ಕಾರು ಮುಂದೆ ಹೋಗುವ ಬದಲು ಮೆಲ್ಲಗೆ ತೋಟದ ಕಡೆ ಜಾರಿತು.

ಆ ಅತ್ತೆ, ನಮಗೆಲ್ಲ 81 ವರ್ಷದ ಅಜ್ಜಿ, ಕೊಡೆ ಹಿಡಿದು ಇಳಿದು, ಧರೆಗೆ ಒರಗಿಸಿದ್ದ ಜಂಬಿಟ್ಟಿಗೆ ಕಲ್ಲಿನ ಮೇಲೆ ಕೂತರು. ಪಕ್ಕದ ಮನೆಯ ಜೀಪು ಬಂದು ಹಗ್ಗ ಕಟ್ಟಿ ಎಳೆಯಲು ಮುಕ್ಕಾಲು ಗಂಟೆ. ಅಷ್ಟರಲ್ಲಿ ಅಜ್ಜಿಯ ಕಾಲಿಗೆ ಎರಡು ಉಂಬಳ (ಜಿಗಣೆ) ಹತ್ತಿದ್ದವು. ಅಜ್ಜಿ ಹೇಳಿದ್ದು ಇಷ್ಟೇ: "ನನ್ನ ಮದುವೆ ದಿಬ್ಬಣದ ಎತ್ತಿನ ಗಾಡಿ ಇದೇ ಏರು ಹತ್ತಿತ್ತು ಮಾರಾಯ್ತಿ. ಇದಕ್ಕೆ ಎಂತ ಆಗಿದೆ?"

ಆ ರಾತ್ರಿಯೇ ಹೊಸ ಕಾರಿನ ಮಾತು ಶುರುವಾಯಿತು. ನಾನು ಶಿವಮೊಗ್ಗದ ಒಂದು ಸಹಕಾರ ಸಂಘದಲ್ಲಿ ಸಾಲದ ಟೇಬಲ್ಲಿನ ಹಿಂದೆ ಕೂರುವವನು. ದಿನಾ ಕಾರು ಸಾಲದ ಅರ್ಜಿ ನೋಡುತ್ತೇನೆ, ಹಾಗಾಗಿ ಕಾರಿನ ಬಗ್ಗೆಯೂ ಗೊತ್ತಿರುತ್ತದೆ ಅಂತ ನೆಂಟರ ನಂಬಿಕೆ. ಮೂರು ತಿಂಗಳು ನಡೆದ ಈ ವ್ಯವಹಾರದ ಪೂರ್ತಿ ಕಥೆ ಬರೆದಿಡುತ್ತಿದ್ದೇನೆ. ನಮ್ಮ ಕಡೆ ಇಂಥ ಎಂಟುನೂರು ಮೀಟರ್ ಇರುವ ಮನೆಗಳು ಬಹಳ ಇವೆ.

ಒಂದು ಮನೆ, ಮೂರು ಬಜೆಟ್

ಭಾವನ ಲೆಕ್ಕ ಏಳು ಲಕ್ಷ. ಮನೆಗೆ ಬರುವಷ್ಟರಲ್ಲಿ ಎಲ್ಲಾ ಸೇರಿ ಏಳು. "ಅಡಿಕೆ ಇವತ್ತಿದ್ದ ರೇಟು ನಾಳೆ ಇರುವುದಿಲ್ಲ. ಎಲೆಚುಕ್ಕೆ ರೋಗ ಬೇರೆ ಬಂದು ಕೂತಿದೆ" ಅಂತ ಅವರ ವಾದ. ಅಕ್ಕನಿಗೆ ಹನ್ನೆರಡಾದರೂ ಪರವಾಗಿಲ್ಲ, ಗಾಡಿ ಗಟ್ಟಿ ಇರಬೇಕು. ಕಾರು ಓಡಿಸುವವಳು ಅವಳೇ, ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಘಾಟಿ ಇಳಿಯುವವಳೂ ಅವಳೇ. ಬೆಂಗಳೂರಿನಲ್ಲಿರುವ ಅಕ್ಕನ ಮಗ ಹದಿನೆಂಟು ಲಕ್ಷದ ಪಟ್ಟಿ ಕಳಿಸಿದ. ಟಾಪ್ ರೇಟಿಂಗ್ ಇರುವ ಹತ್ತು ಗಾಡಿ, ಪ್ರತಿಯೊಂದಕ್ಕೂ ಅಂಕ. "ಮಾವ, ಕಮ್ಮಿ ಬಿದ್ದದ್ದಕ್ಕೆ ಲೋನ್ ತೆಗೆಯೋಣ, ಇಎಂಐ ನಾನು ಕಟ್ಟುತ್ತೇನೆ" ಅಂದ.

ಪಟ್ಟಿ ಚೆನ್ನಾಗಿಯೇ ಇತ್ತು. ಆದರೆ ಅಂಕ ಕೊಟ್ಟವರು ಓಡಿಸಿದ್ದು ಹೈವೇಯಲ್ಲಿ, ಸಿಟಿಯಲ್ಲಿ. ಸೀಟಿನ ಗಾಳಿ, ಪರದೆಯ ಅಗಲ, ಹಾಡಿನ ಗುಣಮಟ್ಟಕ್ಕೆಲ್ಲ ಅಂಕವಿತ್ತು. ಹಿಂದಿನ ಗಾಜಿಗೆ ವೈಪರ್ ಇದೆಯೋ ಇಲ್ಲವೋ ಅನ್ನುವ ಕಾಲಮ್ಮೇ ಇರಲಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಆಗುಂಬೆಯ ಪಕ್ಕದಲ್ಲಿ ಕೂತು ಆ ಪಟ್ಟಿ ಓದಿದರೆ ನಗು ಬರುತ್ತದೆ. ಸನ್‌ರೂಫ್ ಇದೆಯಂತೆ. ಜುಲೈನಲ್ಲಿ ನೋಡಲು ಸೂರ್ಯ ಎಲ್ಲಿಂದ ತರುವುದು?

ಆದ್ದರಿಂದ ಮೊದಲು ಕಾರಿನ ಪಟ್ಟಿ ಬದಿಗಿಟ್ಟು, ಹಳೇ ಕಾರು ಹೋದ ಜಾಗಗಳ ಪಟ್ಟಿ ಮಾಡಿದೆವು. ವಾರಕ್ಕೆ ಎರಡು ಸಲ ತೀರ್ಥಹಳ್ಳಿ ಪೇಟೆ. ತಿಂಗಳಿಗೊಮ್ಮೆ ಶಿವಮೊಗ್ಗ. ಎರಡು ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಮಣಿಪಾಲ. ಮದುವೆ, ಮುಂಜಿ, ವೈದಿಕ. ಈಗ ಶರಾವತಿ ಹಿನ್ನೀರಿಗೆ ಸಿಗಂದೂರು ಸೇತುವೆ ಆಗಿರುವುದರಿಂದ ತುಮರಿ ಕಡೆಯ ನೆಂಟರ ಮನೆಗೂ ಓಡಾಟ ಹೆಚ್ಚಾಗುತ್ತದೆ. ಲಾಂಚಿಗೆ ಕಾಯುವ ಕಾಲ ಮುಗಿಯಿತಲ್ಲ. ಎಲ್ಲಾ ಕೂಡಿದರೆ ವರ್ಷಕ್ಕೆ ಎಂಟೂವರೆ ಸಾವಿರ ಕಿಲೋಮೀಟರ್. ಈ ಸಂಖ್ಯೆ ಮುಂದೆ ಬಹಳ ಕೆಲಸಕ್ಕೆ ಬಂತು.

ನಕ್ಷತ್ರ ಓದುವುದು

ಅಕ್ಕನಿಗೆ ಬೇಕಿದ್ದದ್ದು ಡಿಕ್ಕಿ ಪರೀಕ್ಷೆಯಲ್ಲಿ ಐದು ನಕ್ಷತ್ರ. ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಐದು ನಕ್ಷತ್ರ ಎಲ್ಲವೂ ಒಂದೇ ಅಲ್ಲ.

ನಮ್ಮ ದೇಶದ ಕಾರುಗಳನ್ನು ಗುದ್ದಿಸಿ ನೋಡುವ ಎರಡು ಪರೀಕ್ಷೆಗಳ ಹೆಸರು ಕೇಳಿಬರುತ್ತದೆ. ಒಂದು ಗ್ಲೋಬಲ್ ಎನ್‌ಕ್ಯಾಪ್, ಇನ್ನೊಂದು 2023ರ ಅಕ್ಟೋಬರ್‌ನಿಂದ ಜಾರಿಗೆ ಬಂದ ನಮ್ಮದೇ ಭಾರತ್ ಎನ್‌ಕ್ಯಾಪ್. ಎರಡರಲ್ಲೂ ಮುಂದಿನ ಡಿಕ್ಕಿ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ, ಅದೂ ಕಾರಿನ ಪೂರ್ತಿ ಮುಖಕ್ಕಲ್ಲ, ಒಂದು ಬದಿಗೆ. ಎದುರಿಂದ ಬಂದ ಗಾಡಿ ನಮ್ಮ ಕಡೆಗೆ ಸ್ವಲ್ಪ ನುಗ್ಗಿದರೆ ಆಗುತ್ತದಲ್ಲ, ಆ ಥರ. ಕಾಡಿನ ತಿರುವಿನಲ್ಲಿ ಆಗುವುದೂ ಹೆಚ್ಚು ಕಮ್ಮಿ ಅದೇ.

ಗ್ಲೋಬಲ್ ಎನ್‌ಕ್ಯಾಪ್ 2022ರಲ್ಲಿ ತನ್ನ ನಿಯಮ ಬಿಗಿ ಮಾಡಿತು. ಐದು ನಕ್ಷತ್ರ ಬೇಕಾದರೆ ಪಕ್ಕದ ಡಿಕ್ಕಿ, ಜಾರುವಾಗ ಕಾರನ್ನು ಹಿಡಿತಕ್ಕೆ ತರುವ ಇಎಸ್‌ಸಿ, ಎಲ್ಲವೂ ಲೆಕ್ಕಕ್ಕೆ ಬಂದವು. ಹಾಗಾಗಿ ನಕ್ಷತ್ರದ ಪಕ್ಕ ಇಸವಿಯನ್ನೂ ಓದಬೇಕು. ಟಾಟಾ ಪಂಚ್ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ನಕ್ಷತ್ರ ತೆಗೆದದ್ದು 2021ರಲ್ಲಿ, ಹಳೇ ನಿಯಮದಲ್ಲಿ. ಟಾಟಾ ನೆಕ್ಸಾನ್ 2018ರಲ್ಲಿ ಐದು ತೆಗೆದಿತ್ತು, 2024ರಲ್ಲಿ ಹೊಸ ನಿಯಮದಲ್ಲಿ ಮತ್ತೆ ಐದು ತೆಗೆಯಿತು. ಇವೆರಡು ಬೇರೆ ಬೇರೆ ಪರೀಕ್ಷೆಯ ಫಸ್ಟ್ ಕ್ಲಾಸ್.

ಇನ್ನೊಂದು, ಏರ್‌ಬ್ಯಾಗ್ ಎಣಿಸುವ ಚಟ. 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎರಡು ಏರ್‌ಬ್ಯಾಗಿನ ಮಾರುತಿ ವ್ಯಾಗನ್ ಆರ್‌ಗೆ ಒಂದು ನಕ್ಷತ್ರ ಕೊಟ್ಟಿತು, ಅದರ ಬಾಡಿ ಅಸ್ಥಿರ ಅಂತ ಹೇಳಿತು. 2025ರಿಂದ ಅದಕ್ಕೆ ಆರು ಏರ್‌ಬ್ಯಾಗ್ ಬಂದಿವೆ. ಒಳ್ಳೆಯದೇ ಆಯಿತು. ಆದರೆ ಚೀಲ ಹೆಚ್ಚಾದರೆ ಗೋಡೆ ಗಟ್ಟಿಯಾಯಿತು ಅಂತ ಅರ್ಥವಲ್ಲ. ಅದೇ ಮಾರುತಿಯ ಹೊಸ ಡಿಜೈರ್ 2024ರ ನವೆಂಬರ್‌ನಲ್ಲಿ ಐದು ನಕ್ಷತ್ರ ತೆಗೆಯಿತು, ಆ ಕಂಪನಿಯಲ್ಲಿ ಮೊದಲ ಸಲ. ಕಂಪನಿ ಹೆಸರು ನೋಡಿ ಗಟ್ಟಿ, ತೆಳು ಅನ್ನುವ ಊರ ಮಾತು ಈಗ ಹಳತು. ಮಾಡೆಲ್ ನೋಡಬೇಕು.

ಏಳರ ಮಟ್ಟದಲ್ಲಿ

ಭಾವನ ಏಳು ಲಕ್ಷಕ್ಕೆ ಬೇಕಾದಷ್ಟು ಗಾಡಿ ಸಿಗುತ್ತವೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ 18ಕ್ಕೆ ಇಳಿದ ಮೇಲೆ ಇನ್ನೂ ಅನುಕೂಲವಾಯಿತು. ಆಗ ವ್ಯಾಗನ್ ಆರ್ ಶೋರೂಂ ಬೆಲೆ ಐದು ಲಕ್ಷದ ಆಸುಪಾಸು ಇತ್ತು, ಪಂಚ್ ಐದೂವರೆಯ ಆಸುಪಾಸಿನಿಂದ ಶುರುವಾಗುತ್ತಿತ್ತು. ವ್ಯಾಗನ್ ಆರ್ ಉದ್ದ 3.65 ಮೀಟರ್ ಮಾತ್ರ, ಎಲ್ಲಿ ಬೇಕಾದರೂ ತಿರುಗುತ್ತದೆ. ಸೀಟು ಎತ್ತರ, ವಯಸ್ಸಾದವರಿಗೆ ಹತ್ತಿ ಇಳಿಯಲು ಅದಕ್ಕಿಂತ ಸುಲಭದ ಸಣ್ಣ ಕಾರು ಕಮ್ಮಿ. ಪಂಚ್‌ನ ಬಾಗಿಲು ಪೂರ್ತಿ 90 ಡಿಗ್ರಿ ತೆರೆಯುತ್ತದೆ, ಮಂಡಿ ನೋವಿದ್ದವರಿಗೆ ಇದು ದೊಡ್ಡ ವಿಷಯ. 2024ರಲ್ಲಿ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಅದೇ.

ಡಿಜೈರ್‌ಗೆ ಐದು ನಕ್ಷತ್ರ ಇದ್ದರೂ ನೆಲದಿಂದ ಎತ್ತರ 163 ಮಿಲಿಮೀಟರ್. ನಮ್ಮ ದಾರಿ ನೋಡಿದ ಮೇಲೆ ಅದನ್ನು ಅಲ್ಲಿಗೇ ಬಿಟ್ಟೆವು.

ಭಾವನ ಮನಸ್ಸಿನಲ್ಲಿ ಇದ್ದದ್ದು ಬೇರೆ. ಬೊಲೆರೊ. ಮಲೆನಾಡಿನ ಗಂಡಸರ ಮನಸ್ಸಿನಲ್ಲಿ ಒಂದು ಬೊಲೆರೊ ಯಾವಾಗಲೂ ನಿಂತಿರುತ್ತದೆ. ತಪ್ಪೇನಿಲ್ಲ. ಅದು ಹಿಂದಿನ ಚಕ್ರ ತಿರುಗಿಸುವ ಗಾಡಿ. ಏರು ಹತ್ತುವಾಗ ಭಾರ ಹಿಂದಕ್ಕೆ ಬೀಳುತ್ತದೆ, ಭಾರ ಬಿದ್ದ ಚಕ್ರಕ್ಕೆ ಹಿಡಿತ ಜಾಸ್ತಿ. ಮುಂದಿನ ಚಕ್ರ ತಿರುಗುವ ಕಾರಿಗೆ ಇದೇ ಏರಿನಲ್ಲಿ ಮೂತಿ ಹಗುರಾಗಿ ಚಕ್ರ ಜಾರುತ್ತದೆ. ಅಕ್ಕನ ಹಳೇ ಕಾರಿಗೆ ಆದದ್ದೂ ಅದೇ. ಆದರೆ ಬೊಲೆರೊ ಅವರ ಏಳು ಲಕ್ಷದಲ್ಲಿ ಬರುವುದಿಲ್ಲ. ಅದೇ ಕುಟುಂಬದ ಬೊಲೆರೊ ನಿಯೊಗೆ 2024ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಕೊಟ್ಟದ್ದು ಒಂದೇ ನಕ್ಷತ್ರ. ಇದನ್ನು ಓದಿ ಹೇಳಿದಾಗ ಅಕ್ಕ ಒಳಗೆ ಹೋಗಿ ಪಾತ್ರೆ ತೊಳೆಯಲು ಶುರು ಮಾಡಿದಳು. ಆ ಮಾತು ಅಲ್ಲಿಗೆ ಮುಗಿಯಿತು.

ಬಾಳೆದಿಂಡಿನ ಪರೀಕ್ಷೆ

ಕಾಗದದ ಮೇಲೆ ಗ್ರೌಂಡ್ ಕ್ಲಿಯರೆನ್ಸ್ ಅಂತ ಒಂದು ಸಂಖ್ಯೆ ಇರುತ್ತದೆ. ವ್ಯಾಗನ್ ಆರ್ 165, ಪಂಚ್ 187, ಸ್ಕೋಡಾ ಕೈಲಾಕ್ 189, ಹ್ಯುಂಡೈ ಕ್ರೆಟಾ 190, ಮಹೀಂದ್ರಾ ಎಕ್ಸ್‌ಯುವಿ 3ಎಕ್ಸ್‌ಒ 201, ನೆಕ್ಸಾನ್ 208, ಎಲ್ಲಾ ಮಿಲಿಮೀಟರ್. ಸಾಮಾನ್ಯವಾಗಿ ಇದು ಖಾಲಿ ಗಾಡಿಯ ಲೆಕ್ಕ. ಅಜ್ಜಿ, ಅಕ್ಕ, ಭಾವ, ಒಂದು ಚೀಲ ಹಿಂಡಿ, ಒಂದು ಗ್ಯಾಸ್ ಸಿಲಿಂಡರ್ ಹೇರಿದ ಮೇಲೆ ಎಷ್ಟು ಉಳಿಯುತ್ತದೆ ಅಂತ ಯಾರೂ ಬರೆಯುವುದಿಲ್ಲ.

ಭಾವ ಅಳತೆ ತಾನೇ ಮಾಡಿದರು. ನಮ್ಮ ದಾರಿಯಲ್ಲಿ ಚಕ್ರದ ಜಾಡು ಎರಡೂ ಕಡೆ ತಗ್ಗಾಗಿ, ನಡುವೆ ಹುಲ್ಲು ಬೆಳೆದ ದಿಬ್ಬ ಉಳಿದಿದೆ. ಅತಿ ಎತ್ತರದ ಜಾಗದಲ್ಲಿ ಜಾಡಿನ ತಳದಿಂದ ದಿಬ್ಬದ ನೆತ್ತಿಗೆ ಟೇಪು ಹಿಡಿದರೆ 16 ಸೆಂಟಿಮೀಟರ್. ಭಾವ ತೋಟಕ್ಕೆ ಹೋಗಿ ಗೊನೆ ಕಡಿದ ಒಂದು ಬಾಳೆ ತಂದು, ದಿಂಡನ್ನು ಸರಿಯಾಗಿ 16 ಸೆಂಟಿಮೀಟರ್‌ನ ಮೂರು ತುಂಡು ಮಾಡಿದರು. ಅಡಿಕೆ ಒಣಗಿಸುವ ಅಂಗಳ ಸಮತಟ್ಟಾಗಿದೆಯಲ್ಲ, ಅಲ್ಲಿ ತುಂಡುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರು. ಕಾರು ಅವುಗಳ ಮೇಲಿಂದ ದಾಟಬೇಕು. ತಾಗಿದರೆ ದಿಂಡು ಬೀಳುತ್ತದೆ, ಕಾರಿಗೆ ಏನೂ ಆಗುವುದಿಲ್ಲ. ನಾನು ಓದಿದ ಯಾವ ವಿಮರ್ಶೆಯಲ್ಲೂ ಇಷ್ಟು ಅಚ್ಚುಕಟ್ಟಾದ ಪರೀಕ್ಷೆ ನೋಡಿಲ್ಲ.

ಮೊದಲು ನೆಂಟರ ಮನೆಯ ಒಂದು ಸಣ್ಣ ಹ್ಯಾಚ್‌ಬ್ಯಾಕ್. ಭಾವ ಒಬ್ಬರೇ ಓಡಿಸಿದಾಗ ಮೂರೂ ದಿಂಡು ನಿಂತೇ ಇದ್ದವು. ಆಮೇಲೆ ನಾವು ನಾಲ್ಕು ಜನ ಹತ್ತಿ, ಹಿಂದೆ ಒಂದು ಮೂಟೆ ಗೋಟಡಿಕೆ ಹಾಕಿದೆವು. ಮೊದಲ ದಿಂಡು ಟಪ್ ಅಂತ ಬಿತ್ತು, ಎರಡನೆಯದು ಬಿತ್ತು, ಮೂರನೆಯದು ಕಾರಿನಡಿ ಸಿಕ್ಕಿ ಅಂಗಳದ ಕೊನೆಯವರೆಗೆ ಉರುಳಿತು. ಅಜ್ಜಿ ಜಗುಲಿಯಲ್ಲಿ ಕೂತು ಕವಳ ಹಾಕುತ್ತಾ ಲೆಕ್ಕ ಹೇಳುತ್ತಿದ್ದರು: "ಮೂರಕ್ಕೆ ಮೂರು ಔಟು."

ಮುಂದಿನ ಎರಡು ವಾರ ಟೆಸ್ಟ್ ಡ್ರೈವ್ ಗಾಡಿಗಳು ಬಂದವು. ಮನೆ ಬಾಗಿಲಿಗೇ ತರುತ್ತೇವೆ ಅಂದವರಿಗೆ ಈ ಬಾಗಿಲು ಎಲ್ಲಿದೆ ಅಂತ ಗೊತ್ತಿರಲಿಲ್ಲ, ಪಾಪ. 187ರ ಮೇಲಿನ ಗಾಡಿಗಳೆಲ್ಲ ಪೂರ್ತಿ ಭಾರದಲ್ಲೂ ದಿಂಡು ಬೀಳಿಸಲಿಲ್ಲ. 200 ದಾಟಿದವಂತೂ ನಡುವೆ ಕೈ ಆಡುವಷ್ಟು ಜಾಗ ಬಿಟ್ಟು ಹೋದವು.

ಹದಿನೆಂಟು ಲಕ್ಷದ ಮಟ್ಟದಿಂದ ಬಂದ ಒಂದು ದೊಡ್ಡ ಎಸ್‌ಯುವಿ ದಿಂಡು ಪಾಸು ಮಾಡಿತು. ಏರು ಸಲೀಸಾಗಿ ಹತ್ತಿತು. ಆದರೆ ದಣಪೆ (ಬೇಲಿಯ ಬಾಗಿಲು) ದಾಟಿ ಹಲಸಿನ ಮರದ ಹತ್ತಿರ ತಿರುಗಿಸುವಲ್ಲಿ ಒಂದೇ ಸಲಕ್ಕೆ ಆಗಲಿಲ್ಲ. ಹಿಂದೆ, ಮುಂದೆ, ಹಿಂದೆ. ಶೋರೂಂ ಹುಡುಗನ ಹಣೆಯಲ್ಲಿ ಬೆವರು. ಅಕ್ಕ ಹತ್ತಿ ಕೂತು ಸ್ಟೇರಿಂಗ್ ಹಿಡಿದು, ಮುಂದಿನ ಬಾನೆಟ್ ನೋಡಿ, ಇಳಿದುಬಿಟ್ಟಳು. "ಇದನ್ನು ಘಾಟಿಯಲ್ಲಿ ಎದುರು ಬಸ್ ಬಂದಾಗ ಎಲ್ಲಿ ಒತ್ತಲಿ ನಾನು?" ಆಗುಂಬೆ ಘಾಟಿಯಲ್ಲಿ 14 ತಿರುವು. ಕೆಲವು ತಿರುವಿನಲ್ಲಿ ಬಸ್ಸು ಪೂರ್ತಿ ರಸ್ತೆ ತೆಗೆದುಕೊಳ್ಳುತ್ತದೆ. ಇವಳ ಮಾತಿನಲ್ಲಿ ಅರ್ಥವಿತ್ತು.

ಹಾಗಂತ ಆ ಮಟ್ಟದ ಗಾಡಿಗಳನ್ನು ನಾನು ಬಯ್ಯುವುದಿಲ್ಲ. ಹೈವೇಯಲ್ಲಿ ದಿನಾ ಓಡುವವರಿಗೆ ಸ್ಕಾರ್ಪಿಯೊ ಎನ್, ಥಾರ್ ರಾಕ್ಸ್, ಮಾರುತಿ ವಿಕ್ಟೋರಿಸ್ ಎಲ್ಲಾ ಐದು ನಕ್ಷತ್ರದವು, ಕೊಟ್ಟ ದುಡ್ಡಿಗೆ ಬೆಲೆ ಇದೆ. ನಮ್ಮ ಹುಡುಗ ಆಸೆಪಟ್ಟದ್ದು ಎಡಾಸ್ ಅನ್ನುವ ಸೌಲಭ್ಯಕ್ಕೆ. ಲೇನ್ ಬಿಟ್ಟರೆ ಎಚ್ಚರಿಸುತ್ತದೆ, ಮುಂದೆ ಗಾಡಿ ಬಂದರೆ ತಾನೇ ಬ್ರೇಕ್ ಹಾಕುತ್ತದೆ. ನಮ್ಮ ದಾರಿಯಲ್ಲಿ ಲೇನಿನ ಗೆರೆ ಎಲ್ಲಿದೆ? ಇದ್ದ ಗೆರೆಯನ್ನೂ ಮಂಜು, ಕೆಸರು ಮುಚ್ಚಿದ ಕ್ಯಾಮೆರಾ ಹೇಗೆ ನೋಡಬೇಕು?

ಕೊನೆಗೆ ನಡುವಿನವೇ ಉಳಿದವು

ನೆಕ್ಸಾನ್, 3ಎಕ್ಸ್‌ಒ, ಕೈಲಾಕ್, ಮಾರುತಿ ಬ್ರೆಜಾ. ಮೊದಲ ಮೂರಕ್ಕೆ ಭಾರತ್ ಎನ್‌ಕ್ಯಾಪ್‌ನ ಐದು ನಕ್ಷತ್ರ ಇದೆ. ಮೂರೂ ನಾಲ್ಕು ಮೀಟರ್ ಒಳಗಿನವು, ಶೋರೂಂ ಬೆಲೆ ಆಗ ಏಳೂವರೆಯ ಆಸುಪಾಸಿನಿಂದ ಶುರುವಾಗುತ್ತಿತ್ತು. ಬ್ರೆಜಾ ಕೂಡ ನಾಲ್ಕು ಮೀಟರ್ ಒಳಗೇ, 198 ಮಿಲಿಮೀಟರ್ ಎತ್ತರ, ರಿಪೇರಿಗೆ ಯಾವ ಊರಲ್ಲೂ ಜನ ಸಿಗುತ್ತಾರೆ. ಆದರೆ ಅದರ ಎಂಜಿನ್ 1462 ಸಿಸಿ. ಪೆಟ್ರೋಲ್ ಗಾಡಿಗೆ ಶೇ 18ರ ಜಿಎಸ್‌ಟಿ ಸಿಗಬೇಕಾದರೆ 1200 ಸಿಸಿ ಒಳಗಿರಬೇಕು. ಅದು ಶೇ 40ರ ಸಾಲಿಗೆ ಹೋಗಿಬಿಟ್ಟಿತು. ಮೊದಲಿಗಿಂತ ತೆರಿಗೆ ಇಳಿದಿದೆ ನಿಜ, ಉಳಿದವಕ್ಕೆ ಇಳಿದಷ್ಟು ಇಳಿಯಲಿಲ್ಲ.

ಡೀಸೆಲ್ ಬೇಕು ಅಂತ ಭಾವ ಹಟ ಹಿಡಿದರು. ಘಾಟಿಗೆ ಡೀಸೆಲ್ಲಿನ ಎಳೆತ ಚಂದ ಅನ್ನುವುದು ಸತ್ಯ. 3ಎಕ್ಸ್‌ಒ ಡೀಸೆಲ್ 300 ನ್ಯೂಟನ್ ಮೀಟರ್ ಎಳೆಯುತ್ತದೆ, ನೆಕ್ಸಾನ್ ಪೆಟ್ರೋಲ್ 170 ಮಾತ್ರ. ಆದರೆ ಎಂಟೂವರೆ ಸಾವಿರ ಕಿಲೋಮೀಟರ್ ತೆಗೆದು ಲೆಕ್ಕ ಹಾಕಿದೆವು. ಪೆಟ್ರೋಲ್ ಗಾಡಿ ಲೀಟರಿಗೆ 15, ಡೀಸೆಲ್ 20 ಅಂತ ಇಟ್ಟರೂ ವರ್ಷಕ್ಕೆ ಉಳಿಯುವುದು ಇಪ್ಪತ್ತು ಸಾವಿರದ ಹತ್ತಿರ. ಮೇಲೆ ಕೊಟ್ಟ ಒಂದು ಲಕ್ಷ ಚಿಲ್ಲರೆ ವಾಪಸ್ ಬರಲು ಆರು ವರ್ಷ. ಅದಲ್ಲದೆ ಈಗಿನ ಡೀಸೆಲ್ ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ಮಸಿ ಸುಟ್ಟು ಸ್ವಚ್ಛವಾಗಬೇಕಾದರೆ ಆಗಾಗ ದೂರ ಓಡಬೇಕು. ವಾರಕ್ಕೆರಡು ಸಲ ಪೇಟೆಗೆ ಹೋಗಿ ಬರುವ ಗಾಡಿಗೆ ಅದು ತಲೆನೋವು.

ಎಲೆಕ್ಟ್ರಿಕ್ ಬಗ್ಗೆ ಒಂದೇ ಸಾಲು: ಮರ ಬಿದ್ದು ಮೂರು ದಿನ ಕರೆಂಟ್ ಹೋಗುವ ಮನೆಗೆ ಇರುವ ಒಂದೇ ಕಾರಾಗಿ ಅದು ಈಗ ಬೇಡ ಅಂತ ಎಲ್ಲರೂ ಒಪ್ಪಿದರು.

ನೆಕ್ಸಾನ್, 3ಎಕ್ಸ್‌ಒ, ಕೈಲಾಕ್ ಮೂರನ್ನೂ ಅಕ್ಕ ಘಾಟಿಯಲ್ಲಿ ಓಡಿಸಿದಳು. ಈ ವರ್ಗದ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್‌ಗಳ ಸ್ವಭಾವ ಒಂದೇ. ತಿರುವಿನಲ್ಲಿ ವೇಗ ಇಳಿದು ಎರಡನೇ ಗೇರಿನಲ್ಲಿದ್ದರೆ ಒಂದು ಕ್ಷಣ ಉಸಿರು ಕಟ್ಟಿದಂತೆ ಆಗುತ್ತದೆ, ಆಮೇಲೆ ಒಮ್ಮೆಲೇ ಎಳೆಯುತ್ತದೆ. ಮೊದಲನೇ ಗೇರಿಗೆ ಹಾಕಲು ನಾಚಿಕೆ ಪಡಬಾರದು. ಅಕ್ಕ ಅದನ್ನು ನಾಲ್ಕನೇ ತಿರುವಿಗೆ ಕಲಿತಳು, ನಾನು ಇನ್ನೂ ಕಲಿಯುತ್ತಿದ್ದೇನೆ.

ಅಜ್ಜಿಯ ಪರೀಕ್ಷೆ ಬೇರೆ ಇತ್ತು. ಮನೆಯಲ್ಲಿ ಅವರ ಮಂಚ ನೆಲದಿಂದ ಎರಡು ಅಡಿ ಎರಡು ಇಂಚು. ಅದರ ಮೇಲೆ ಯಾರ ಸಹಾಯವೂ ಇಲ್ಲದೆ ಕೂರುತ್ತಾರೆ, ಏಳುತ್ತಾರೆ. ಕಾರಿನ ಹಿಂದಿನ ಸೀಟು ಆ ಎತ್ತರಕ್ಕೆ ಹತ್ತಿರವಿರಬೇಕು. ಶಿವಮೊಗ್ಗದ ಶೋರೂಂಗಳಲ್ಲಿ ನಾನು ಟೇಪು ಹಿಡಿದು ಸೀಟಿನ ಎತ್ತರ ಅಳೆಯುವುದನ್ನು ನೋಡಿ ಅಲ್ಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೆಕ್ಸಾನ್‌ನಲ್ಲಿ ಅಜ್ಜಿ ಬೆನ್ನು ತಿರುಗಿಸಿ, ಕೂತು, ಎರಡೂ ಕಾಲು ಒಳಗೆ ಎಳೆದುಕೊಂಡರು. "ಸಾಕು, ಇನ್ನು ಮನೆಗೆ ಹೋಗುವ" ಅಂದರು. ಅವರ ಮಟ್ಟಿಗೆ ತೀರ್ಮಾನ ಆಗಿಹೋಗಿತ್ತು.

ದುಡ್ಡಿನ ಭಾಗ

ಇಲ್ಲಿ ನನ್ನ ಕಸುಬಿನ ಮಾತು. ಕರ್ನಾಟಕದಲ್ಲಿ ಕಾರಿನ ಜೀವಿತಾವಧಿ ತೆರಿಗೆ ಬೆಲೆಯ ಮೇಲೆ ಹೋಗುತ್ತದೆ. ಐದರಿಂದ ಹತ್ತು ಲಕ್ಷದವರೆಗೆ ಶೇ 14. ಹತ್ತು ದಾಟಿದರೆ ಶೇ 17. ಇಪ್ಪತ್ತು ದಾಟಿದರೆ 18. ಮೇಲೆ ಸೆಸ್. 9.95 ಲಕ್ಷದ ಗಾಡಿಗೆ ತೆರಿಗೆ 1.39 ಲಕ್ಷ, 10.05 ಲಕ್ಷದ ಗಾಡಿಗೆ 1.71 ಲಕ್ಷ. ಹತ್ತು ಸಾವಿರದ ಒಂದು ಸೌಲಭ್ಯಕ್ಕೆ ಆಸೆಪಟ್ಟು ಮೂವತ್ತು ಸಾವಿರ ತೆರಿಗೆಗೆ ಕಟ್ಟಿದವರ ಅರ್ಜಿ ನನ್ನ ಟೇಬಲ್ಲಿಗೆ ಬರುತ್ತಲೇ ಇರುತ್ತದೆ. ಸೇಲ್ಸ್‌ನವರು ಇದನ್ನು ಮೊದಲು ಹೇಳುವುದಿಲ್ಲ.

ಹುಡುಗನ ಇಎಂಐ ಲೆಕ್ಕವನ್ನೂ ಕಾಗದಕ್ಕೆ ಹಾಕಿದೆ. ಎಂಟು ಲಕ್ಷ ಸಾಲ, ಶೇ 9 ಬಡ್ಡಿ, ಏಳು ವರ್ಷ. ತಿಂಗಳಿಗೆ 12,871 ರೂಪಾಯಿ. ಬಡ್ಡಿಯೇ 2.81 ಲಕ್ಷ. ಅವನಿಗೆ ಸಂಬಳ ತಿಂಗಳಿಗೆ ಬರುತ್ತದೆ ಸರಿ. ಆದರೆ ಮದುವೆ ಆಗಿ, ಬೆಂಗಳೂರಿನಲ್ಲಿ ಮನೆ ಮಾಡಿದ ಮೇಲೆ ಆ ಕಂತು ಬಂದು ಬೀಳುವುದು ಭಾವನ ತಲೆ ಮೇಲೆ. ಅಡಿಕೆಯ ದುಡ್ಡು ತಿಂಗಳಿಗೆ ಬರುವುದಲ್ಲ. ಕೊಯ್ದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿ, ರೇಟು ನೋಡಿ ಮಾರಿದಾಗ ಬರುವುದು. ರೈತರಿಗೆ ಆರು ತಿಂಗಳ ಕಂತು ಕೊಡುವ ಕಡೆಯೂ ಇದೆ, ಕೇಳಬೇಕು. ಭಾವ ಕೇಳಿಸಿಕೊಂಡು, ಕಂತೇ ಬೇಡ ಅಂದರು.

ಒಂದು ಶೋರೂಂನಲ್ಲಿ ಇನ್ಶೂರೆನ್ಸ್ 58 ಸಾವಿರ ಅಂತ ಬರೆದುಕೊಟ್ಟರು. ಅದೇ ಕವರೇಜಿಗೆ ನಾನು ಹೊರಗೆ ಕೇಳಿದರೆ 43 ಸಾವಿರ. "ಇಲ್ಲೇ ಮಾಡಿಸಬೇಕು ಸಾರ್, ಇಲ್ಲದಿದ್ದರೆ ಡೆಲಿವರಿ ತಡ ಆಗುತ್ತೆ" ಅಂದರು. ಅಲ್ಲೇ ಮಾಡಿಸಬೇಕು ಅನ್ನುವ ಕಾನೂನು ಇಲ್ಲ. ಜೊತೆಗೆ ಬೇಡದ ಆಕ್ಸೆಸರಿ ಕಿಟ್ಟು. ಆ ಕಾಗದ ಅಲ್ಲೇ ಮಡಚಿಟ್ಟು ಎದ್ದು ಬಂದೆವು. ಇನ್ಶೂರೆನ್ಸಿನಲ್ಲಿ ನಮ್ಮ ಕಡೆಯವರು ಬಿಡಬಾರದ್ದು ಎಂಜಿನ್ ಪ್ರೊಟೆಕ್ಷನ್. ತುಂಬಿದ ಹಳ್ಳ ದಾಟುವಾಗ ಎಂಜಿನ್ನಿಗೆ ನೀರು ನುಗ್ಗಿ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ದುಡ್ಡು ಸಿಗುವುದು ಕಷ್ಟ.

ತೀರ್ಮಾನ, ಮತ್ತು ಯಾರೂ ಯೋಚಿಸದಿದ್ದ ಖರ್ಚು

ದೀಪಾವಳಿಗೆ ನೆಕ್ಸಾನ್ ಪೆಟ್ರೋಲ್ ಬಂತು. ಮ್ಯಾನುಯಲ್ ಗೇರು, ಶೋರೂಂ ಬೆಲೆ ಒಂಬತ್ತರ ಒಳಗೆ, ಎಲ್ಲಾ ಸೇರಿ ಹತ್ತೂಮುಕ್ಕಾಲು ಲಕ್ಷ. ಅತಿ ಕೆಳಗಿನ ವೇರಿಯಂಟ್ ಬೇಡ ಅಂದದ್ದು ಅಕ್ಕ. ಹಿಂದಿನ ವೈಪರ್ ಬೇಕಿತ್ತು, ಗಾಜಿನ ಮಂಜು ಕರಗಿಸುವ ಡಿಫಾಗರ್ ಬೇಕಿತ್ತು. ಮೇಲಿನ ವೇರಿಯಂಟ್ ಬೇಡ ಅಂದದ್ದು ಭಾವ. ಇಬ್ಬರೂ ಗೆದ್ದರು ಅನ್ನಬಹುದು. 3ಎಕ್ಸ್‌ಒ ತಗೊಂಡಿದ್ದರೂ ನಾನು ತಪ್ಪು ಅನ್ನುತ್ತಿರಲಿಲ್ಲ. ಅಜ್ಜಿಯ ಮಂಚ ತೂಕವನ್ನು ಈ ಕಡೆ ಎಳೆಯಿತು, ಅಷ್ಟೇ.

ಅಕ್ಕನ ಹನ್ನೆರಡು ಲಕ್ಷದ ಲೆಕ್ಕದಲ್ಲಿ ಒಂದೂಕಾಲು ಲಕ್ಷ ಉಳಿದಿತ್ತು. ಹುಡುಗ ಅಲಾಯ್ ವೀಲ್ ಅಂದ. ಭಾವ ಸುಮ್ಮನಿದ್ದರು. ಹೊಸ ಕಾರಿಗೂ ತಿರುಗುವುದು ಮುಂದಿನ ಚಕ್ರವೇ. ದಿಂಡು ಪಾಸಾಯಿತು, ಏರಿನ ಕೆಸರು ಪಾಸಾಗಬೇಕಲ್ಲ? ಟೆಸ್ಟ್ ಡ್ರೈವ್ ಆದದ್ದೆಲ್ಲ ಮಳೆ ಬಿಟ್ಟ ದಿನಗಳಲ್ಲಿ.

ಜನವರಿಯಲ್ಲಿ ಅಡಿಕೆ ಗೊನೆ ಕೊಯ್ಲು ಮುಗಿಯುತ್ತಿದ್ದಂತೆ ಭಾವ ಅರವತ್ತು ಮೀಟರ್ ಏರಿಗೆ ಕಾಂಕ್ರೀಟ್ ಹಾಕಿಸಿದರು. ಪೂರ್ತಿ ರಸ್ತೆಗಲ್ಲ. ಚಕ್ರ ಹೋಗುವ ಜಾಗದಲ್ಲಿ ಎರಡು ಪಟ್ಟಿ, ಒಂದೊಂದು ಎರಡು ಅಡಿ ಅಗಲ, ಐದಿಂಚು ದಪ್ಪ. ಮೇಲ್ಮೈ ಹಸಿ ಇರುವಾಗಲೇ ಅಡಿಕೆ ದಬ್ಬೆ ಒತ್ತಿ ಗೀರು ಮಾಡಿಸಿದರು, ಟೈರಿಗೆ ಹಿಡಿತ ಸಿಗಲಿ ಅಂತ. ಧರೆಯ ಕಡೆ ಚರಂಡಿ ತೋಡಿ, ನೀರು ಅಡ್ಡ ಹರಿಯುವಲ್ಲಿ ಒಂದು ಮೋರಿ ಪೈಪು. ಎಲ್ಲಾ ಸೇರಿ 94 ಸಾವಿರ. ಹದಿನೆಂಟು ಲಕ್ಷದ ಗಾಡಿ ತಂದಿದ್ದರೆ ಆ ಏರು ಆ ಗಾಡಿಗೆ ಮಾತ್ರ ಸುಲಭವಾಗುತ್ತಿತ್ತು. ಈಗ ಗೊಬ್ಬರದ ಪಿಕಪ್ಪು, ಗ್ಯಾಸಿನವನು, ಹಾಲಿನ ಹುಡುಗನ ಬೈಕು, ಎಲ್ಲವೂ ಹತ್ತುತ್ತವೆ. ಈ ಸಲಹೆ ನನ್ನದು ಅಂತ ಹೇಳಿಕೊಳ್ಳಲು ಆಸೆ. ಆದರೆ ನಾನು ಕಾರು ನೋಡುವುದರಲ್ಲೇ ಮುಳುಗಿದ್ದೆ.

ತೊಂದರೆ ಬಂದಿಲ್ಲ ಅಂತಲ್ಲ. ಮೊದಲ ತಿಂಗಳೇ ಇಲಿ ಬಾನೆಟ್ ಒಳಗೆ ಸಂಸಾರ ಹೂಡಿ ಒಂದು ವೈರು ಕಡಿಯಿತು. ಕೊಟ್ಟಿಗೆ ಪಕ್ಕ, ಅಡಿಕೆ ಅಟ್ಟದ ಕೆಳಗೆ ಕಾರು ನಿಲ್ಲಿಸಿದರೆ ಇನ್ನೇನಾಗುತ್ತದೆ. ಈಗ ರಾತ್ರಿ ಬಾನೆಟ್ ಎತ್ತಿಟ್ಟು, ಒಳಗೆ ಒಂದು ಬಲ್ಬು ಉರಿಸುತ್ತಾರೆ. ಸರ್ವಿಸಿಗೆ ಶಿವಮೊಗ್ಗಕ್ಕೇ ಹೋಗುತ್ತಾರೆ, ಅಂದರೆ ಒಂದು ಪೂರ್ತಿ ದಿನ ಹೋದಂತೆ. ಪೆಟ್ರೋಲ್ ಲೀಟರಿಗೆ 15 ಅಂತ ನಾನು ಇಟ್ಟ ಲೆಕ್ಕ ಘಾಟಿ ಹತ್ತುವ ದಿನ 12ಕ್ಕೆ ಇಳಿಯುತ್ತದೆ. ಭಾವ ಪ್ರತಿ ಸಲ ಬಂಕಿನಿಂದ ಫೋನ್ ಮಾಡಿ ಅದನ್ನು ನನಗೆ ನೆನಪಿಸುತ್ತಾರೆ.

ಮೊನ್ನೆ ಮುಂಗಾರು ಪೂರ್ವದ ಮೊದಲ ದೊಡ್ಡ ಮಳೆ. ಸಂಜೆ ಅಕ್ಕ ಫೋನ್ ಮಾಡಿದಳು. ಅತ್ತೆಯನ್ನು ಕೂರಿಸಿಕೊಂಡು ತೀರ್ಥಹಳ್ಳಿಯಿಂದ ಬಂದಳಂತೆ. ಏರು ಹತ್ತುವಾಗ ಅಜ್ಜಿ ಕಣ್ಣು ಮುಚ್ಚಿ ಮುಂದಿನ ಸೀಟು ಗಟ್ಟಿಯಾಗಿ ಹಿಡಿದಿದ್ದರಂತೆ. ಮೇಲೆ ಬಂದು ಅಂಗಳದಲ್ಲಿ ನಿಲ್ಲಿಸಿದ ಮೇಲೂ ಕಣ್ಣು ಬಿಡದೆ ಕೇಳಿದರಂತೆ, "ಏರು ಬಂತನಾ?"